ತೂಕವನ್ನು ಮಾಡೆಲ್‌ನಲ್ಲಿ ಇಡಬೇಕಾ, ಬಿಡಬೇಕಾ?

ಥೀಸಿಸ್_ಮೂರನೇ_ವರ್ಷ:
ನಮಸ್ಕಾರ. ದೇಹದ ಚಟುವಟಿಕೆ ಜಾಸ್ತಿ ಇದ್ದವರಿಗೆ ಮುಂದೆ ಟೈಪ್ 2 ಡಯಾಬಿಟಿಸ್ ಕಡಿಮೆ ಬರುತ್ತದಾ ಅನ್ನುವುದು ನನ್ನ ಥೀಸಿಸ್ ಪ್ರಶ್ನೆ. ಕೈಯಲ್ಲಿ 14 ವೇರಿಯಬಲ್ ಇವೆ: ವಯಸ್ಸು, ಲಿಂಗ, ಓದು, ಆದಾಯ, ಸಿಗರೇಟು, ತೂಕ, ಬಿಪಿ, ಹೀಗೆ. ಒಂದೊಂದನ್ನೇ ಪರೀಕ್ಷಿಸಿ, ಪಿ-ವ್ಯಾಲ್ಯೂ (ನಂಟೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಕಾಣುವ ಸಾಧ್ಯತೆ) 0.05ಕ್ಕಿಂತ ಕಡಿಮೆ ಬಂದದ್ದನ್ನೆಲ್ಲ ರಿಗ್ರೆಷನ್‌ಗೆ, ಅಂದರೆ ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕುವ ಮಾಡೆಲ್‌ಗೆ, ಹಾಕಿದೆ. ಚಟುವಟಿಕೆಯ ಪರಿಣಾಮ ಹೆಚ್ಚುಕಡಿಮೆ ಮಾಯವಾಯಿತು. ತೂಕ ತೆಗೆದರೆ ವಾಪಸ್ ಬರುತ್ತದೆ. ಬೇಕಾದ ಉತ್ತರಕ್ಕಾಗಿ ತೂಕ ತೆಗೆದರೆ ಅದು ಮೋಸ ಅಲ್ವಾ? 'ಮೊದಲು ಡ್ಯಾಗ್ ಬರಿ' ಅಂತ ಗೆಳತಿ ಹೇಳಿದಳು, ಅಂದರೆ ಯಾವುದು ಯಾವುದಕ್ಕೆ ಕಾರಣ ಅಂತ ಬಾಣ ಹಾಕಿ ತೋರಿಸುವ ಚಿತ್ರ (DAG). ಬಾಣಗಳ ಚಿತ್ರ ಬರೆದರೆ ಇದು ಹೇಗೆ ಗೊತ್ತಾಗುತ್ತದೆ?

ಬಾಣದ_ಜಾಡು:
ಉತ್ತರ ನೋಡಿ ತೆಗೆದರೆ ಮೋಸವೇ. ಕಾರಣ ಕೊಟ್ಟು ತೆಗೆದರೆ ಅಲ್ಲ. ಪಿ-ವ್ಯಾಲ್ಯೂಗೆ ಎರಡು ವಿಷಯಗಳ ನಡುವೆ ನಂಟಿದೆ ಅಂತ ಮಾತ್ರ ಗೊತ್ತು. ಯಾವುದು ಯಾವುದನ್ನು ಬದಲಿಸಿತು ಅಂತ ಗೊತ್ತಿಲ್ಲ. ಅದನ್ನು ನೀವೇ ಹೇಳಬೇಕು.

ಒಂದು ಹಾಳೆ ತಗೊಳ್ಳಿ. ಎಡಕ್ಕೆ ಚಟುವಟಿಕೆ, ಬಲಕ್ಕೆ ಡಯಾಬಿಟಿಸ್. ವಯಸ್ಸಾದಂತೆ ಓಡಾಟ ಕಡಿಮೆ, ಡಯಾಬಿಟಿಸ್ ಜಾಸ್ತಿ. ಅಂದರೆ ವಯಸ್ಸಿನಿಂದ ಎರಡಕ್ಕೂ ಬಾಣ. ಇದು ಕನ್‌ಫೌಂಡರ್, ಮಾಡೆಲ್‌ಗೆ ಬರಲೇಬೇಕು.

ತೂಕ ಹಾಗಲ್ಲ. ಓಡಾಡಿದರೆ ತೂಕ ಇಳಿಯುತ್ತದೆ, ತೂಕ ಇಳಿದರೆ ಡಯಾಬಿಟಿಸ್ ಅಪಾಯ ಇಳಿಯುತ್ತದೆ. ತೂಕ ಇಲ್ಲಿ ದಾರಿಯ ಮಧ್ಯೆ ನಿಂತಿದೆ. ಅದನ್ನು ಅಡ್ಜಸ್ಟ್ ಮಾಡಿದರೆ, ಅಂದರೆ ಮಾಡೆಲ್‌ಗೆ ಹಾಕಿ ಒಂದೇ ತೂಕದವರನ್ನು ಹೋಲಿಸಿದರೆ, ಆ ದಾರಿಯನ್ನೇ ಮುಚ್ಚಿದ ಹಾಗೆ. ಆಮೇಲೆ ಉಳಿಯುವುದು ಬೇರೆ ದಾರಿಗಳಿಂದ ಬರುವ ಪರಿಣಾಮ ಮಾತ್ರ, ಉದಾಹರಣೆಗೆ ಸ್ನಾಯುಗಳು ಗ್ಲೂಕೋಸನ್ನು ಚೆನ್ನಾಗಿ ಬಳಸಿಕೊಳ್ಳುವುದು. ನೀವು ಕೇಳಿದ ಪ್ರಶ್ನೆ ಅದಲ್ಲ.

ನಾನು ಈ ಪಾಠ ಕಲಿತದ್ದು ಕಷ್ಟಪಟ್ಟು. ಗರ್ಭಿಣಿಯರ ಸಿಗರೇಟು ಮತ್ತು ಶಿಶುಮರಣ ನನ್ನ ಮೊದಲ ವಿಷಯ. ಹುಟ್ಟಿದಾಗಿನ ತೂಕವನ್ನೂ ಮಾಡೆಲ್‌ಗೆ ಹಾಕಿದ್ದೆ. ಕಡಿಮೆ ತೂಕದ ಮಕ್ಕಳಲ್ಲಿ, ಸಿಗರೇಟು ಸೇದುವ ತಾಯಂದಿರ ಮಕ್ಕಳೇ ಜಾಸ್ತಿ ಬದುಕಿದ ಹಾಗೆ ಕಂಡಿತು. ಕೋಡ್ ತಪ್ಪಿದೆ ಅಂತ ವಾರಗಟ್ಟಲೆ ಹುಡುಕಿದೆ. ಕೋಡ್ ಸರಿಯಾಗಿಯೇ ಇತ್ತು. ಇದೇ ಒಗಟನ್ನು 1971ರಲ್ಲೇ ಸಂಶೋಧಕ ಯೆರುಶಾಲ್ಮಿ ಅವರು ಬರೆದಿದ್ದರು. 2006ರಲ್ಲಿ ಹೆರ್ನಾಂಡೆಜ್-ಡಿಯಾಜ್ ಮತ್ತು ಜೊತೆಗಾರರು ಬಾಣದ ಚಿತ್ರದಿಂದ ಅದನ್ನು ಬಿಡಿಸಿ ತೋರಿಸಿದರು. ತೂಕ ಕಡಿಮೆಯಾಗಲು ಸಿಗರೇಟು ಒಂದು ಕಾರಣ, ಹುಟ್ಟಿನಿಂದ ಬಂದ ಅಂಗದೋಷ ಇನ್ನೊಂದು. ತಾಯಿ ಸಿಗರೇಟು ಸೇದದಿದ್ದರೂ ಮಗುವಿನ ತೂಕ ಕಡಿಮೆ ಇದ್ದರೆ, ಅದರ ಹಿಂದೆ ಇಂಥ ಗಂಭೀರ ಕಾರಣ ಇರುವ ಸಾಧ್ಯತೆ ಹೆಚ್ಚು. ಬರೀ ಕಡಿಮೆ ತೂಕದವರನ್ನು ಹೋಲಿಸಿದಾಗ ಸಿಗರೇಟು ಒಳ್ಳೆಯದರಂತೆ ಕಾಣುತ್ತದೆ. ಎರಡು ಬಾಣ ಬಂದು ಸೇರುವ ಇಂಥ ಜಾಗಕ್ಕೆ ಕೊಲೈಡರ್ ಅನ್ನುತ್ತಾರೆ. ಅಳೆದದ್ದನ್ನೆಲ್ಲ ಮಾಡೆಲ್‌ಗೆ ಹಾಕುವುದು ಸುರಕ್ಷಿತ ಅಂತ ಅವತ್ತಿನವರೆಗೂ ನಾನು ನಂಬಿದ್ದೆ.

ಎರಡನೇ_ಓದು:
ಮೇಲಿನ ಮಾತಿಗೆ ಒಂದು ತಕರಾರು ಇದೆ. ತೂಕ ಜಾಸ್ತಿ ಇದ್ದವರಿಗೆ ಓಡಾಡುವುದೇ ಕಷ್ಟ, ಮಂಡಿ ನೋವು ಬರುತ್ತದೆ. ಆಗ ಬಾಣ ತಿರುಗುತ್ತದೆ, ತೂಕ ಕನ್‌ಫೌಂಡರ್ ಆಗುತ್ತದೆ.

ಇನ್ನೊಂದು ಮಾತು. ಬಾಣ ಹಾಕದೆ ಬಿಟ್ಟ ಜಾಗವೇ ದೊಡ್ಡ ಹೇಳಿಕೆ, ಇಲ್ಲಿ ಪರಿಣಾಮವೇ ಇಲ್ಲ ಅಂದ ಹಾಗೆ. ಅಳೆಯದ ವಿಷಯವನ್ನೂ ಬರೆಯಿರಿ. ಊಟದ ಪದ್ಧತಿ ನಿಮ್ಮ ಪಟ್ಟಿಯಲ್ಲಿ ಕಾಣಲಿಲ್ಲ. ಚಿತ್ರ ಮುಗಿದ ಮೇಲೆ ಡ್ಯಾಗಿಟಿ ಅನ್ನುವ ತಂತ್ರಾಂಶಕ್ಕೆ ಹಾಕಿ, ಉಚಿತವಾಗಿ ಬ್ರೌಸರ್‌ನಲ್ಲೇ ನಡೆಯುತ್ತದೆ. ಯಾವುದನ್ನು ಅಡ್ಜಸ್ಟ್ ಮಾಡಿದರೆ ಸಾಕು ಅಂತ ಹೇಳುತ್ತದೆ. ಚಿತ್ರ ಸರಿಯಿದೆಯಾ ಅಂತ ಮಾತ್ರ ಅದು ಹೇಳಲಾರದು.

ಬಾಣದ_ಜಾಡು:
ತಕರಾರು ನಿಜ, ನಾನು ಅವಸರ ಮಾಡಿದೆ. ಡ್ಯಾಗ್‌ನಲ್ಲಿ ಬಾಣಗಳು ಸುತ್ತಿ ಹೊರಟ ಜಾಗಕ್ಕೇ ಬರುವಂತಿಲ್ಲ. ಹಾಗಾಗಿ ತೂಕವನ್ನು ಎರಡು ಮಾಡಿ: ಚಟುವಟಿಕೆಗೆ ಮೊದಲಿನ ತೂಕ, ನಂತರದ ತೂಕ. ಮೊದಲಿನದು ಮಾಡೆಲ್‌ಗೆ, ನಂತರದ್ದು ಹೊರಗೆ. ನಿಮ್ಮದು ಯಾವತ್ತು ಅಳೆದದ್ದು?

ಥೀಸಿಸ್_ಮೂರನೇ_ವರ್ಷ:
ಈಗ ನೋಡಿದೆ. ತೂಕ, ಚಟುವಟಿಕೆ ಎರಡೂ ಒಂದೇ ದಿನ, ಮೊದಲ ಭೇಟಿಯಲ್ಲಿ. ಚಟುವಟಿಕೆಯ ಪ್ರಶ್ನೆ ಇರುವುದು ಹಿಂದಿನ 12 ತಿಂಗಳ ಬಗ್ಗೆ.

ಬಾಣದ_ಜಾಡು:
ಹಾಗಾದರೆ ಆ ತೂಕದಲ್ಲಿ ಆ 12 ತಿಂಗಳ ಓಡಾಟದ ಫಲ ಆಗಲೇ ಸೇರಿಹೋಗಿದೆ. ಅದಕ್ಕೂ ಹಿಂದಿನ ತೂಕ ಎಲ್ಲಾದರೂ ಇದೆಯಾ? ಇಲ್ಲದಿದ್ದರೆ ಎರಡು ಚಿತ್ರ ಬರೆದು (ಒಂದರಲ್ಲಿ ತೂಕ ಕನ್‌ಫೌಂಡರ್, ಇನ್ನೊಂದರಲ್ಲಿ ದಾರಿಯ ಮಧ್ಯೆ), ಎರಡು ಫಲಿತಾಂಶವನ್ನೂ ಕೊಡಿ. ಯಾವುದು ಯಾವ ಚಿತ್ರದ್ದು ಅಂತ ಸ್ಪಷ್ಟವಾಗಿ ಬರೆಯಿರಿ.

ಥೀಸಿಸ್_ಮೂರನೇ_ವರ್ಷ:
ಪ್ರಶ್ನಾವಳಿಯ ಕೊನೆಯ ಪುಟದಲ್ಲಿ 'ಐದು ವರ್ಷದ ಹಿಂದೆ ನಿಮ್ಮ ತೂಕ ಎಷ್ಟಿತ್ತು' ಅಂತ ಇದೆ! ಪಿ-ವ್ಯಾಲ್ಯೂ 0.05 ದಾಟಿತು ಅಂತ ಅದನ್ನು ಕೈಬಿಟ್ಟಿದ್ದೆ.

ಬಾಣದ_ಜಾಡು:
ಅದನ್ನು ವಾಪಸ್ ತನ್ನಿ. ನೆನಪಿನಿಂದ ಹೇಳಿದ ತೂಕದಲ್ಲಿ ತಪ್ಪು ಇದ್ದೇ ಇರುತ್ತದೆ, ಅದನ್ನೂ ಥೀಸಿಸ್‌ನಲ್ಲಿ ಬರೆಯಿರಿ. ಚಿತ್ರ ಆದ ಮೇಲೆ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.