ಬೆಕ್ಕಿನ ಲಿಟರ್ ಕಮೋಡಿಗೆ ಹಾಕಬಹುದೇ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕೋಲಾರದ ಬಾಡಿಗೆ ಮನೆಯೊಂದರ ಮೊದಲ ಮಹಡಿಯಲ್ಲಿ ವಾಸವಿರುವ ನಾವು ಎರಡು ಬೆಕ್ಕುಗಳನ್ನು ಸಾಕಿದ್ದೇವೆ. ಮಣ್ಣಿನ ಅಂಗಳವಿಲ್ಲದ ಕಾರಣ ಅವು ಲಿಟರ್ (ಬೆಕ್ಕಿನ ಮಲಮೂತ್ರ ಹೀರಿಕೊಳ್ಳಲೆಂದು ಹರಡುವ ಹರಳು) ತುಂಬಿದ ತಟ್ಟೆಯನ್ನೇ ಬಳಸುತ್ತವೆ. ಇದುವರೆಗೆ ತರುತ್ತಿದ್ದುದು ಬೆಂಟೊನೈಟ್ ಜೇಡಿಮಣ್ಣಿನ ಲಿಟರ್. ಅದು ನೀರು ಹೀರಿ, ಊದಿ, ಗಟ್ಟಿ ಉಂಡೆಯಾಗುವುದರಿಂದ ಪೈಪು ಕಟ್ಟಿಕೊಳ್ಳುವುದು ಖಚಿತವೆಂದು ತಿಳಿದು ಒಮ್ಮೆಯೂ ಕಮೋಡಿಗೆ ಹಾಕಿಲ್ಲ. ಕಾಗದದಲ್ಲಿ ಸುತ್ತಿ ಕಸದ ಗಾಡಿಗೆ ಕೊಟ್ಟರೆ, ಇದು ಹಸಿ ಕಸವೂ ಅಲ್ಲ, ಒಣ ಕಸವೂ ಅಲ್ಲವೆಂದು ಹಿಂದಿರುಗಿಸುತ್ತಾರೆ; ಕೈಯಿಂದಲೇ ಕಸ ಬೇರ್ಪಡಿಸುವವರ ಮಾತನ್ನು ತಪ್ಪೆನ್ನಲಾರೆ.

ಈಗ ಸೋಯಾ ತಿರುಳಿನ ಲಿಟರ್ ತಂದಿದ್ದೇವೆ. ಫ್ಲಶ್ ಮಾಡಬಹುದೆಂದು ಚೀಲದ ಮೇಲೆ ಬರೆದಿದೆ. ಆದರೆ ಒಂದು ಉಂಡೆಯನ್ನು ಬಕೆಟ್ ನೀರಿಗೆ ಹಾಕಿ ನೋಡಿದಾಗ ಅದು ಕರಗಲಿಲ್ಲ, ಪುಡಿಯಾಗಿ ತಳದಲ್ಲಿ ರಾಗಿ ಹಿಟ್ಟಿನಂತೆ ಕುಳಿತುಕೊಂಡಿತು. ನಮ್ಮ ಮನೆಗೆ ಒಳಚರಂಡಿ ಸಂಪರ್ಕವಿಲ್ಲ. ಇರುವುದು ಸಿಮೆಂಟ್ ರಿಂಗ್ ಇಳಿಸಿದ ಗುಂಡಿ, ಅದರ ಸಮೀಪದಲ್ಲೇ ಕೊಳವೆಬಾವಿ. ಬೆಕ್ಕಿನ ಮಲದಲ್ಲಿರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯ ಮೊಟ್ಟೆಯಂತಹ ಕೋಶಗಳು ತೇವದಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲವು, ಗರ್ಭಿಣಿಯರಿಗೆ ಅವುಗಳಿಂದ ಅಪಾಯವಿದೆ ಎಂಬುದು ಗೊತ್ತಿದ್ದು, ಮನೆಯಲ್ಲಿ ಅತ್ತಿಗೆ ಐದು ತಿಂಗಳ ಬಸುರಿಯಾಗಿರುವುದರಿಂದ ಧೈರ್ಯ ಬರುತ್ತಿಲ್ಲ.

ಆದ್ದರಿಂದ ನನ್ನ ಪ್ರಶ್ನೆ ಇಷ್ಟೇ: ಇಂತಹ ರಿಂಗ್ ಗುಂಡಿಯಿರುವ ಮನೆಯಲ್ಲಿ, ಮಲವನ್ನು ಬೇರೆ ತೆಗೆದು, ಮೂತ್ರದ ಉಂಡೆಗಳನ್ನು ಮಾತ್ರವಾದರೂ ಫ್ಲಶ್ ಮಾಡಬಹುದೇ, ಅಥವಾ ಅದೂ ಬೇಡವೇ? ಬೇಡವಾದರೆ, ಅಂಗಳವಿಲ್ಲದ ನೀವು ಇವೆರಡನ್ನೂ ಎಲ್ಲಿ ವಿಲೇವಾರಿ ಮಾಡುತ್ತಿದ್ದೀರಿ?