ಹಳೆಯ ಮನೆಯ ಬಚ್ಚಲ ಒಲೆಗೆ ಕಬ್ಬಿಣದ ಪೆಟ್ಟಿಗೆ ಕೂರಿಸುವುದೋ, ಹೊಸ ಒಲೆ ಕಟ್ಟಿಸುವುದೋ?

ಪ್ರಶ್ನೆ: ತೀರ್ಥಹಳ್ಳಿ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಅಜ್ಜನ ಕಾಲದ ಮಣ್ಣಿನ ಗೋಡೆಯ, ಹಂಚಿನ ಮಾಡಿನ ಮನೆ. ಬಚ್ಚಲುಮನೆ ಅಡುಗೆಮನೆಗೆ ತಾಗಿಕೊಂಡೇ ಇದ್ದು, ಸುಮಾರು 60 ಲೀಟರ್ ಹಿಡಿಯುವ ತಾಮ್ರದ ಹಂಡೆಯನ್ನು ಮಣ್ಣಿನ ಒಲೆಯಲ್ಲಿ ಹುಗಿದಿದ್ದಾರೆ. ಚಿಮಣಿ ಇಲ್ಲ, ಹೊಗೆ ಹಂಚಿನ ಸಂದಿಯಲ್ಲಿ ಹೋದಷ್ಟು ಹೋಗಿ, ಉಳಿದದ್ದು ಅಡುಗೆಮನೆಗೆ ನುಗ್ಗುತ್ತದೆ. ಅಮ್ಮನಿಗೆ ಮಳೆಗಾಲದುದ್ದಕ್ಕೂ ಕೆಮ್ಮು. ಊರಿನ ವೆಲ್ಡಿಂಗ್ ಅಂಗಡಿಯವರು ಈಗಿರುವ ಒಲೆಯ ಬಾಯಿಗೆ ಸರಿಯಾಗಿ ಬಾಗಿಲಿರುವ ಕಬ್ಬಿಣದ ಪೆಟ್ಟಿಗೆಯೊಂದನ್ನು ಮಾಡಿಕೊಡುತ್ತೇನೆ ಎನ್ನುತ್ತಾರೆ. ಮೇಸ್ತ್ರಿಯವರು ಹಳೆಯದನ್ನು ಒಡೆದು ಚಿಮಣಿ ಸಹಿತ ಹೊಸ ಒಲೆ ಕಟ್ಟೋಣ ಎನ್ನುತ್ತಾರೆ. ಉರುವಲು ಅಡಿಕೆ ಹಾಳೆ, ಸಿಪ್ಪೆ, ತೆಂಗಿನ ಗರಿ ಮತ್ತು ತೋಟದ ಕಟ್ಟಿಗೆ. ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಸಾಗರದಿಂದ

ಪೆಟ್ಟಿಗೆಯ ಮೇಲ್ಭಾಗ ಹೇಗಿರುತ್ತದೆ ಎಂದು ಮೊದಲು ಕೇಳಿ. ಚಳಿ ದೇಶಗಳ ಹಳೆಯ ಮನೆಗಳಲ್ಲಿ ಅಗ್ಗಿಷ್ಟಿಕೆಯೊಳಗೆ ಕೂರಿಸುವ ಪೆಟ್ಟಿಗೆಯ ಕೆಲಸ ಕೋಣೆಯನ್ನು ಬಿಸಿ ಮಾಡುವುದು, ಆದ್ದರಿಂದ ಅದು ಮೇಲೂ ಮುಚ್ಚಿರುತ್ತದೆ. ನಮಗೆ ಬೇಕಾದದ್ದು ಬಿಸಿನೀರು. ಹಂಡೆಯ ತಳಕ್ಕೂ ಜ್ವಾಲೆಗೂ ನಡುವೆ ಕಬ್ಬಿಣದ ತಗಡು ಬಂದರೆ ಗೋಡೆ ಕಾಯುತ್ತದೆಯೇ ಹೊರತು ನೀರು ಬೇಗ ಕಾಯುವುದಿಲ್ಲ. ಮೇಲೆ ತೆರೆದಿರುವ, ಕೆಳಗೆ ಕಂಬಿಯ ಜಾಲರಿ ಇರುವ, ಬೂದಿ ತೆಗೆಯಲು ಬೇರೆ ಕಿಂಡಿ ಇರುವ ಪೆಟ್ಟಿಗೆಯನ್ನೇ ಮಾಡಿಸಬೇಕು. ಜ್ವಾಲೆ ತಳಕ್ಕೆ ತಾಗಿ, ಹಂಡೆಯ ಸುತ್ತ ಒಂದು ಅಂಗುಲದಷ್ಟು ಸಂದಿಯಲ್ಲಿ ಸುಳಿದು, ಆಮೇಲೆ ಚಿಮಣಿಗೆ ಹೋಗುವಂತಿರಬೇಕು.

ಚಿಮಣಿಯ ವಿಷಯದಲ್ಲಿ ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಖರ್ಚು ಉಳಿಸಲು ನಾಲ್ಕು ಅಂಗುಲದ ಕೊಳವೆಯನ್ನು ಗೋಡೆಯಿಂದ ಹೊರತಂದು ಸೂರಿನ ಮಟ್ಟಕ್ಕೇ ನಿಲ್ಲಿಸಿದ್ದೆವು. ಆಷಾಢದ ಗಾಳಿ ಬೀಸಿದ ದಿನ ಹೊಗೆ ಅದೇ ಕೊಳವೆಯಲ್ಲಿ ತಿರುಗಿ ಬಂದು, ಒಲೆಯ ಬಾಯಿಯಿಂದ ಬೂದಿ ಸಮೇತ ಹೊರಬಿತ್ತು. ತಲೆಗೆ ಎಣ್ಣೆ ಹಚ್ಚಿಕೊಂಡು ಕಾದಿದ್ದ ಮಕ್ಕಳು ಹಾಗೆಯೇ ಅಂಗಳಕ್ಕೆ ಓಡಿದರು. ಆರು ಅಂಗುಲದ ಕೊಳವೆಯನ್ನು ಮಾಡಿನ ತುದಿಯಾದ ಮೊಗಡಿಗಿಂತ ಮೂರು ಅಡಿ ಮೇಲಕ್ಕೆ ಏರಿಸಿ, ಮಳೆನೀರು ಇಳಿಯದಂತೆ ಟೋಪಿ ಹಾಕಿಸಿದ ಮೇಲೆ ಆ ತೊಂದರೆ ನಿಂತಿತು.

ಉತ್ತರ 2: ಶಿವಮೊಗ್ಗದಿಂದ

ಲೆಕ್ಕ ಹಾಕಿ ನೋಡೋಣ. 60 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ತರಲು 1500 ಕಿಲೋಕ್ಯಾಲರಿ ಬೇಕು. ಒಣಗಿದ ಒಂದು ಕಿಲೋ ಕಟ್ಟಿಗೆ ಸುಮಾರು 3500 ಕೊಡುತ್ತದೆ. ಆ ಶಾಖದಲ್ಲಿ ಹತ್ತನೇ ಒಂದು ಪಾಲು ಮಾತ್ರ ನೀರಿಗೆ ಸೇರಿದರೆ ನಾಲ್ಕು ಕಿಲೋಗೂ ಹೆಚ್ಚು ಕಟ್ಟಿಗೆ ಉರಿಸಬೇಕು. ಹತ್ತರಲ್ಲಿ ಮೂರು ಪಾಲು ಸೇರಿದರೆ ಒಂದೂವರೆ ಕಿಲೋ ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯೂ ಇದೇ ತತ್ವದ ಮೇಲೆ ನಿಂತಿದೆ: ಜಾಲರಿಯ ಕೆಳಗಿನಿಂದ ಹದವಾಗಿ ಗಾಳಿ, ಮೇಲಂಚಿನಲ್ಲಿ ಸಂದಿಯಿಲ್ಲದಂತೆ ಕೂರುವ ಪಾತ್ರೆ, ಕೊನೆಯಲ್ಲಿ ಚಿಮಣಿ. ಮೇಸ್ತ್ರಿಯವರಿಗೆ ಇದು ತಿಳಿದಿದ್ದರೆ ಹೊಸ ಒಲೆಯೇ ಒಳ್ಳೆಯದು. ತಿಳಿಯದೆ ಕಟ್ಟಿದ ಇಟ್ಟಿಗೆಯ ಒಲೆಗಿಂತ ಅಳತೆ ನೋಡಿ ಮಾಡಿಸಿದ ಪೆಟ್ಟಿಗೆ ಮೇಲು ಎಂಬುದು ನನ್ನ ಅಭಿಪ್ರಾಯ.

ಹಸಿ ಕಟ್ಟಿಗೆಯಲ್ಲಿರುವ ಪ್ರತಿ ಕಿಲೋ ನೀರು ಆವಿಯಾಗಲು ಸುಮಾರು 540 ಕಿಲೋಕ್ಯಾಲರಿ ತಿನ್ನುತ್ತದೆ. ಜೊತೆಗೆ ಚಿಮಣಿಯ ಒಳಗೆ ಡಾಂಬರಿನಂತಹ ಅಂಟು ಕಟ್ಟುತ್ತದೆ, ಅದಕ್ಕೆ ಬೆಂಕಿ ಹಿಡಿಯುವ ಅಪಾಯವೂ ಇದೆ. ಅಡಿಕೆ ಸಿಪ್ಪೆಯನ್ನು ಒಮ್ಮೆಲೇ ತುಂಬಿ ಬಾಗಿಲು ಮುಚ್ಚಿದರೂ ಹೀಗೆಯೇ ಆಗುತ್ತದೆ. ಕೊಳವೆ ಮಾಡು ದಾಟುವಲ್ಲಿ ಹಂಚು ಹೊರುವ ಮರಗಳಾದ ಪಕಾಸಿ, ರೀಪುಗಳಿಂದ ಕನಿಷ್ಠ ಒಂದೂವರೆ ಅಡಿ ದೂರವಿರಬೇಕು. ಬಾಗಿಲು ಹಾಕಿ ಸ್ನಾನ ಮಾಡುವಾಗ ಕಿಟಕಿಯನ್ನು ಖಂಡಿತ ಮುಚ್ಚಬೇಡಿ. ಬೆಂಕಿಯಿಂದ ಬರುವ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

ಉತ್ತರ 3: ಕೊಪ್ಪದಿಂದ

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಹಳೆಯ ಮನೆಯಾದ್ದರಿಂದ ಒಂದು ಮಾತು ಸೇರಿಸಬೇಕು. ಇಷ್ಟು ವರ್ಷ ಆ ಹೊಗೆಯೇ ನಿಮ್ಮ ಮಾಡಿನ ಮರವನ್ನು ಕಾಪಾಡಿದೆ. ಪಕಾಸಿಗಳಿಗೆ ಕಪ್ಪಾಗಿ ಹಿಡಿದ ಇಲ್ಲಣ (ಹೊಗೆಯ ಮಸಿ) ಇರುವ ಕಡೆ ಕುಟ್ಟೆ ಹುಳು ಸುಲಭವಾಗಿ ಸೇರುವುದಿಲ್ಲ, ಅಟ್ಟವೂ ಬೆಚ್ಚಗಿರುತ್ತದೆ. ನಮ್ಮಲ್ಲಿ ಚಿಮಣಿ ಹಾಕಿಸಿದ ಮೂರನೆಯ ಮಳೆಗಾಲದಲ್ಲಿ ಅಟ್ಟಕ್ಕೆ ಹತ್ತಿ ನೋಡಿದಾಗ ರೀಪಿನ ಕೆಳಗೆ ಹಿಟ್ಟು ಉದುರಿತ್ತು, ಬೆರಳಿನಿಂದ ಒತ್ತಿದರೆ ಮರ ಒಳಗೆ ಹೋಗುತ್ತಿತ್ತು. ಇದಕ್ಕಾಗಿ ಅಮ್ಮನವರು ಹೊಗೆ ಕುಡಿಯಬೇಕೆಂದು ನಾನು ಹೇಳುತ್ತಿಲ್ಲ. ಚಿಮಣಿ ಹಾಕಿಸುವ ಮೊದಲು ಮರಗಳಿಗೆ ಗೇರೆಣ್ಣೆ ಬಳಿಸಿ, ಗಾಳಿಯಾಡಲು ಕಿಂಡಿ ಬಿಡಿಸಿ. ಒಲೆಯ ಒಳಮೈಗೆ ಸಿಮೆಂಟು ಬೇಡ, ಶಾಖಕ್ಕೆ ಬಿರಿಯುತ್ತದೆ. ಹುತ್ತದ ಮಣ್ಣಿಗೆ ಭತ್ತದ ಹೊಟ್ಟು ಕಲಸಿ ಮೆತ್ತಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ನೂಲು ಕಟ್ಟಿ ಅಳೆದೆವು. ಒಲೆಯಿಂದ ನೇರ ಮೇಲಕ್ಕೆ ಹೋದರೆ ಕೊಳವೆ ಪಕಾಸಿಗೆ ಕೇವಲ ಐದು ಅಂಗುಲ ದೂರದಲ್ಲಿ ಹಾಯುತ್ತದೆ. ಆದ್ದರಿಂದ ಒಲೆಯನ್ನೇ ಪಶ್ಚಿಮದ ಗೋಡೆಯ ಕಡೆಗೆ ಎರಡು ಅಡಿ ಸರಿಸಿ, ಜಾಲರಿಯಿಟ್ಟು ಹೊಸದಾಗಿ ಕಟ್ಟಿಸುತ್ತೇವೆ. ಮಳೆಗೆ ಮುಂಚೆ ಹಂಚು ಕೈಯಾಡಿಸುವಾಗಲೇ ಚಿಮಣಿಯ ಕೆಲಸವನ್ನೂ ಮುಗಿಸುವುದೆಂದು ಮೇಸ್ತ್ರಿಯವರಿಗೆ ತಿಳಿಸಿದ್ದೇನೆ.