ಪಾರೆಯ ಮಣ್ಣು ಬೈಲಿಗೆ: ಸಹಿ ಹಾಕುವ ಮೊದಲು ಇದನ್ನು ಓದಿ

ಕೇರಳದ ಕಾಸರಗೋಡು ಕಡೆಯ ನಮ್ಮ ಊರಿನ ಪಾರೆಯಲ್ಲಿ, ಎಂದರೆ ಗುಡ್ಡದ ಮೇಲಿನ ಕಲ್ಲುಹಾಸಿನಲ್ಲಿ, ಕಲ್ಲುಕೋರೆ ನಡೆಯುತ್ತಿದೆ. ಅಲ್ಲಿಯ ಮಣ್ಣು ಕೆಳಗಿನ ಬೈಲಿನ ಗದ್ದೆಗಳಿಗೆ ಬೀಳುತ್ತಿದೆ. ಇದರ ವಿರುದ್ಧ ಕೊಡಬೇಕಾದ ಅರ್ಜಿಯ ಬಗ್ಗೆ ಮನೆಮನೆಯವರು ಹೇಳಿದ್ದು ಇಲ್ಲಿದೆ.

ತೋಡಿನ ಬದಿಯ ಮನೆ:
ನಿನ್ನೆ ರಾತ್ರಿ ಹನ್ನೊಂದರಿಂದ ಟಿಪ್ಪರ್‌ಗಳ ಓಡಾಟ. ಹದಿನಾಲ್ಕು ಲೋಡು ಎಣಿಸಿದೆ, ಆಮೇಲೆ ನಿದ್ದೆ ಬಂತು. ಬೆಳಗ್ಗೆ ಹೋಗಿ ನೋಡಿದರೆ ಬೈಲಿನ ಮೂಡು ಮೂಲೆಯ ಎರಡು ಗದ್ದೆಗಳಲ್ಲಿ ಸೊಂಟದೆತ್ತರ ಕೆಂಪು ಮಣ್ಣು. ಹುಣಿ (ಗದ್ದೆಯ ಬದು) ಎಲ್ಲಿತ್ತೆಂದೇ ತಿಳಿಯುವುದಿಲ್ಲ. ನೀರು ತೋಡಿಗೆ (ಹಳ್ಳಕ್ಕೆ) ಇಳಿಯುತ್ತಿದ್ದ ಕಂಡಿಯ ಹತ್ತಿರ ಒಂದು ಏಡಿ ಮಣ್ಣು ಕೆದಕುತ್ತಾ ಅತ್ತಿತ್ತ ಹೋಗುತ್ತಿತ್ತು. ಮಳೆಗಾಲದಲ್ಲಿ ಆ ನೀರು ಬರುವುದು ನನ್ನ ಅಂಗಳಕ್ಕೇ.

ಬಸ್ ನಿಲ್ದಾಣದ ಎದುರಿನ ಮನೆ:
ಅವರ ಜಾಗಕ್ಕೆ ಅವರು ಮಣ್ಣು ಹಾಕಿದರೆ ನಾವು ಕೇಳುವುದು ಹೇಗೆ? ನಾಳೆ ನಾನೂ ಮನೆ ಕಟ್ಟಬೇಕಾದವನು, ಇರುವುದು ಗದ್ದೆ ಮಾತ್ರ. ಪಾರೆಯ ಕಲ್ಲುಕೋರೆ ನಿಲ್ಲಲಿ ಎಂದರೆ ಸಹಿ ಹಾಕುತ್ತೇನೆ. ಗದ್ದೆಯ ವಿಷಯ ಬೇಡ.

ಮೇಲಿನ ತೋಟದ ಮನೆ:
ಎರಡನ್ನೂ ಬೇರೆ ಮಾಡಿದರೆ ನಾವು ಸೋತೆವು. ಮುರಕಲ್ಲು (ಮನೆ ಕಟ್ಟುವ ಕೆಂಪು ಕಲ್ಲು) ಸಿಗಬೇಕಾದರೆ ಮೇಲಿನ ಮಣ್ಣು ಕೆರೆಯಬೇಕು, ಕೆರೆದದ್ದನ್ನು ಎಲ್ಲಾದರೂ ಸುರಿಯಬೇಕು. ಕೋರೆಯ ಗುಂಡಿಯ ಕಡತ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ, ಗದ್ದೆಯದು ಕೃಷಿ ಭವನ ಮತ್ತು ಕಂದಾಯದವರಲ್ಲಿ. ಒಂದೇ ಅರ್ಜಿ ಎಲ್ಲರಿಗೂ ಹೋಗಲಿ, ಯಾರಿಗೆಲ್ಲ ಕಳುಹಿಸಿದ್ದೇವೆ ಎಂದು ಅದರಲ್ಲೇ ಬರೆಯೋಣ.

ಸ್ವಂತ ಜಾಗದ ಮಾತಿಗೆ ಉತ್ತರ: ಗದ್ದೆ ಮತ್ತು ಜೌಗು ಭೂಮಿ ಉಳಿಸುವ 2008ರ ಕೇರಳ ಕಾನೂನು ಒಡೆಯನಿಗೂ ಅನ್ವಯಿಸುತ್ತದೆ. ಪಂಚಾಯತ್ ಮಟ್ಟದಲ್ಲಿ ನಿಗಾ ಸಮಿತಿ ಇದೆ. ಪಂಚಾಯತ್ ಅಧ್ಯಕ್ಷರೇ ಅದರ ಅಧ್ಯಕ್ಷರು, ಕೃಷಿ ಅಧಿಕಾರಿ ಸಂಚಾಲಕರು, ವಿಲೇಜ್ ಆಫೀಸರ್ ಮತ್ತು ರೈತರೂ ಸದಸ್ಯರು. ಆ ಗದ್ದೆಗಳ ಸರ್ವೆ ನಂಬರು ಡಾಟಾ ಬ್ಯಾಂಕ್‌ನಲ್ಲಿ, ಎಂದರೆ ಈ ಕಾನೂನಿನಡಿ ಮಾಡಿದ ಗದ್ದೆಗಳ ಪಟ್ಟಿಯಲ್ಲಿ, ಇದೆಯೇ ಎಂಬುದನ್ನು ಮೊದಲು ನೋಡಬೇಕು. ಇದ್ದರೆ, ಅನುಮತಿಯಿಲ್ಲದೆ ತುಂಬಿಸಿದವರಿಗೆ ಎರಡು ವರ್ಷದ ವರೆಗೆ ಸೆರೆ, ಒಂದು ಲಕ್ಷದ ವರೆಗೆ ದಂಡ. ಗದ್ದೆಯನ್ನು ಮೊದಲಿನಂತೆ ಮಾಡಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ. ಡಾಟಾ ಬ್ಯಾಂಕ್‌ನಲ್ಲಿ ಇಲ್ಲದಿದ್ದರೂ, ಕಂದಾಯ ದಾಖಲೆಯಲ್ಲಿ ಗದ್ದೆ ಎಂದೇ ಇದ್ದರೆ, 2018ರ ತಿದ್ದುಪಡಿಯ ಪ್ರಕಾರ ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಆದೇಶ ಬೇಕು, ಈಗ ಡೆಪ್ಯುಟಿ ಕಲೆಕ್ಟರರೂ ಅದನ್ನು ಕೊಡಬಹುದು.

ಮನೆಗೆ ಬೇರೆ ಜಾಗವಿಲ್ಲದವರಿಗೆ ಪಂಚಾಯತ್ ವ್ಯಾಪ್ತಿಯಲ್ಲಿ ಹತ್ತು ಸೆಂಟ್ಸ್ ವರೆಗೆ ಅವಕಾಶ ಅದೇ ಕಾನೂನಿನಲ್ಲಿದೆ. ಅದಕ್ಕೆ ಹಗಲಿನಲ್ಲಿ ಅರ್ಜಿ ಹಾಕಬೇಕು, ನಡುರಾತ್ರಿ ಟಿಪ್ಪರ್ ತರಿಸಬೇಕಾಗಿಲ್ಲ!

ನನ್ನ ಸಂಕಟವನ್ನೂ ಹೇಳಿಬಿಡುತ್ತೇನೆ. ಅಜ್ಜ ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡ ತೋಡಿಸಿದ ಸುರಂಗದ ನೀರು ಪಾರೆಯೊಳಗಿನಿಂದಲೇ ಬರುವುದು. ಮೊದಲೆಲ್ಲ ಬೇಸಿಗೆಯ ನಡುವೆಯೂ ಕಿರುಬೆರಳಿನಷ್ಟು ದಪ್ಪ ಹರಿಯುತ್ತಿತ್ತು. ಈ ವರ್ಷ ತೊಟ್ಟಿಕ್ಕುವುದನ್ನು ಕೊಡಪಾನ ಇಟ್ಟು ಕಾಯುತ್ತೇವೆ. ಕೋರೆಯಿಂದಲೇ ಹೀಗಾಯಿತೆಂದು ಅರ್ಜಿಯಲ್ಲಿ ಬರೆಯುವುದು ಬೇಡ, ನಮ್ಮಲ್ಲಿ ಪುರಾವೆಯಿಲ್ಲ. ಸ್ಥಳ ಪರಿಶೀಲನೆ ಕೇಳೋಣ.

ಗುಡ್ಡೆ ಬದಿಯ ಮನೆ:
ನನ್ನ ತಮ್ಮ ಟಿಪ್ಪರ್ ಓಡಿಸುತ್ತಾನೆ, ಎಲ್ಲರಿಗೂ ಗೊತ್ತು. ಫೋಟೋ ತೆಗೆಯಿರಿ, ಆದರೆ ಚಾಲಕರ ಮುಖ ಹಾಕಬೇಡಿ, ಅವರು ದಿನಗೂಲಿಯವರು. ಕಲ್ಲಿಗಾಗಲಿ ಮಣ್ಣಿಗಾಗಲಿ ಸಾಗಾಟದ ಪಾಸ್ ಬೇಕು. ಆ ಹದಿನಾಲ್ಕು ಲೋಡಿಗೆ ಪಾಸ್ ಇತ್ತೇ ಎಂಬ ಒಂದು ಪ್ರಶ್ನೆ ಅರ್ಜಿಯಲ್ಲಿರಲಿ. ಅದು ಮಾಲೀಕನಿಗೆ ತಾಗುತ್ತದೆ.

ಹಳೆ ಶಾಲೆಯ ಹಿಂದಿನ ಮನೆ:
ನಮ್ಮ ಪೆಟ್ಟಿಗೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಕಾಲದ, ಎಂದರೆ 1956ಕ್ಕಿಂತ ಹಿಂದಿನ ಪತ್ರವಿದೆ. ಆ ಮೂಡು ಮೂಲೆಯನ್ನು ಅದರಲ್ಲಿ ‘ನಂಜ’ (ನೀರಿನ ಗದ್ದೆ) ಎಂದೇ ಬರೆದಿದ್ದಾರೆ, ‘ಪುಂಜ’ (ಒಣ ಭೂಮಿ) ಅಲ್ಲ. ಪ್ರತಿ ಮಾಡಿಸಿ ಲಗತ್ತಿಸುತ್ತೇನೆ. ಅರ್ಜಿ ಕನ್ನಡದಲ್ಲೇ ಇರಲಿ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಂತೆ ನಮ್ಮ ಭಾಗದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಮಲಯಾಳದಲ್ಲಿ ಬಂದರೆ ಓದಿ ಹೇಳುತ್ತೇನೆ, ಆದರೆ ಕೇಳುವುದನ್ನು ಬಿಡಬಾರದು.

ತೋಡಿನ ಬದಿಯ ಮನೆ:
ಇಂದು ಸಂಜೆ ಐದಕ್ಕೆ ಅಳತೆ ಟೇಪು ಹಿಡಿದು ಬೈಲಿಗೆ ಹೋಗುತ್ತೇನೆ. ಇನ್ನಿಬ್ಬರು ಬನ್ನಿ. ಮಣ್ಣಿನ ರಾಶಿ ಹತ್ತಬೇಡಿ, ಪಕ್ಕದ ಗದ್ದೆಯ ಹುಣಿಯ ಮೇಲಿನಿಂದಲೇ ಫೋಟೋ.

ಬಸ್ ನಿಲ್ದಾಣದ ಎದುರಿನ ಮನೆ:
ಆ ಹತ್ತು ಸೆಂಟ್ಸ್ ಅರ್ಜಿಯ ವಿಷಯ ಯಾರಾದರೂ ವಿವರವಾಗಿ ಹೇಳಿ. ಸಹಿಗೆ ಏಳು ಗಂಟೆಯ ಮೇಲೆ ಬನ್ನಿ, ನಾಯಿಯನ್ನು ಕಟ್ಟಿರುತ್ತೇನೆ.